ಹೆಚ್ಚಾಗಿ ಉಳಿದ ಮನುಷ್ಯ: ಒನೇಗಿನ್‌ನಿಂದ ಜಗನ್ನಾಥನವರೆಗೆ

ಒಬ್ಬ ತರುಣ. ಓದಿದವ, ಬುದ್ಧಿವಂತ. ಸುತ್ತಲಿನ ಅನ್ಯಾಯ ಅವನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಅವನು ಏನನ್ನೂ ಮಾಡುವುದಿಲ್ಲ. ಮಾಡಲು ಹೊರಟರೂ ಅದು ಎಣಿಸಿದಂತೆ ಆಗುವುದಿಲ್ಲ. ಇಂಥವನನ್ನು ನಾಯಕನೆಂದು ಕರೆಯುವುದು ಹೇಗೆ? ಪರದೆಯ ಮೇಲಿನ ಚರ್ಚೆಗೆ ಕಾಲದ ಮಿತಿ ಇರುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಇಲ್ಲಿ ಕೊಂಚ ವಿವರವಾಗಿ ನೋಡೋಣ.

ಇಂಥ ಪಾತ್ರವನ್ನು ವಿಮರ್ಶಕರು ‘ಆಂಟಿ ಹೀರೋ’ ಎನ್ನುತ್ತಾರೆ. ಅವನು ಖಳನಾಯಕನಲ್ಲ ಎಂಬುದನ್ನು ಮೊದಲು ನೆನಪಿಡಿ. ನಾಯಕನಲ್ಲಿ ನಾವು ಬಯಸುವ ಧೈರ್ಯ, ಗುರಿ, ನಂಬಿಕೆಗಳು ಅವನಲ್ಲಿ ಇರುವುದಿಲ್ಲ, ಅಥವಾ ಇದ್ದು ಕಳೆದುಹೋಗಿರುತ್ತವೆ. ಭ್ರಮನಿರಸನ ಎಂದರೆ ಇದೇ.

ಈ ಪಾತ್ರಕ್ಕೆ ಗಟ್ಟಿಯಾದ ರೂಪ ಕೊಟ್ಟವರಲ್ಲಿ ರಷ್ಯದ ಲೇಖಕರು ಮುಖ್ಯರು. ಪುಷ್ಕಿನ್ ತನ್ನ ಪದ್ಯ ಕಾದಂಬರಿಯಲ್ಲಿ ಒನೇಗಿನ್‌ನನ್ನು ಸೃಷ್ಟಿಸಿದ. 1840ರಲ್ಲಿ ಲೆರ್ಮೊಂತೊವ್‌ನ ‘ನಮ್ಮ ಕಾಲದ ನಾಯಕ’ ಬಂತು. ಅದರ ಪೆಚೋರಿನ್ ತನ್ನ ಮನಸ್ಸನ್ನೇ ಪ್ರಯೋಗಶಾಲೆಯ ವಸ್ತುವಿನಂತೆ ಪರೀಕ್ಷಿಸುವ ಸೈನ್ಯಾಧಿಕಾರಿ. 1850ರಲ್ಲಿ ತುರ್ಗೆನೆವ್ ಬಳಸಿದ ‘ಹೆಚ್ಚಾಗಿ ಉಳಿದ ಮನುಷ್ಯ’ ಎಂಬ ಮಾತು ಈ ಗುಂಪಿಗೆಲ್ಲ ಹೆಸರಾಯಿತು. 1859ರ ಗೊಂಚರೊವ್‌ನ ಕಾದಂಬರಿಯಲ್ಲಿ ಒಬ್ಲೊಮೊವ್‌ಗೆ ಹಾಸಿಗೆ ಬಿಟ್ಟೇಳುವುದೇ ದೊಡ್ಡ ಕೆಲಸ.

ರಷ್ಯದಲ್ಲೇ ಏಕೆ ಹೀಗಾಯಿತು? ನೆಪೋಲಿಯನ್‌ನನ್ನು ಅಟ್ಟಿಕೊಂಡು ಪ್ಯಾರಿಸ್‌ವರೆಗೆ ಹೋದ ತರುಣ ಅಧಿಕಾರಿಗಳು ಸ್ವಾತಂತ್ರ್ಯದ ಕನಸು ಹೊತ್ತು ಮರಳಿದರು. 1825ರ ಡಿಸೆಂಬರಿನಲ್ಲಿ ಅವರಲ್ಲಿ ಕೆಲವರು ಬಂಡೆದ್ದರು. ಐವರಿಗೆ ಗಲ್ಲು, ನೂರಕ್ಕೂ ಹೆಚ್ಚು ಮಂದಿಗೆ ಸೈಬೀರಿಯಾ. ಆಮೇಲೆ ಓದಿದವರ ತಲೆಯಲ್ಲಿ ಹೊಸ ವಿಚಾರಗಳಿದ್ದವು; ಅವನ್ನು ಆಚರಣೆಗೆ ತರುವ ದಾರಿ ಮಾತ್ರ ಮುಚ್ಚಿತ್ತು. 1861ರವರೆಗೆ ಜೀತದ ರೈತರ ದುಡಿಮೆಯೇ ಜಮೀನ್ದಾರರನ್ನು ಸಾಕುತ್ತಿತ್ತು. ಅನ್ನಕ್ಕೆ ಕೊರತೆಯಿಲ್ಲ, ಬದುಕಿಗೆ ಕೆಲಸವಿಲ್ಲ. ಹೆಚ್ಚಾಗಿ ಉಳಿದ ಮನುಷ್ಯ ಹುಟ್ಟಿದ್ದು ಈ ಬಿರುಕಿನಲ್ಲಿ.

ಈಗ ಕನ್ನಡಕ್ಕೆ ಬನ್ನಿ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ ಹೂವಯ್ಯ ಮೈಸೂರಿನಲ್ಲಿ ಓದಿ ಮಲೆನಾಡಿಗೆ ಮರಳಿದವನು. ಅವನು ಕಷ್ಟಪಡುತ್ತಾನೆ, ಆದರೆ ಆದರ್ಶ ಕಳೆದುಕೊಳ್ಳುವುದಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಚಿತ್ರ ಬದಲಾಯಿತು. 1961ರಲ್ಲಿ ಶಾಂತಿನಾಥ ದೇಸಾಯಿಯವರ ‘ಮುಕ್ತಿ’ ಪ್ರಕಟವಾಯಿತು. ಅದರ ಗೌರೀಶ ಹೊರಗಿನ ಶತ್ರುವಿಗಿಂತ ತನ್ನೊಳಗಿನ ಗೊಂದಲದೊಡನೆ ಹೆಣಗುವ ತರುಣ. ದೇಸಾಯಿಯವರು ಹಳಿಯಾಳದಲ್ಲಿ ಹುಟ್ಟಿ, ನಿಪ್ಪಾಣಿಯಿಂದ ಗಡಿ ದಾಟಿದರೆ ಸಿಗುವ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ನವ್ಯ ಕಾದಂಬರಿ ಗಡಿನಾಡಿಗೆ ದೂರದ ವಿಷಯವೇನಲ್ಲ!

ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಇದ್ದಕ್ಕಿದ್ದಂತೆ ಅಮಾನತಾಗಿ ತನ್ನ ಅಪರಾಧವೇನೆಂದೇ ತಿಳಿಯದೆ ತೊಳಲುತ್ತಾನೆ. ಅನಂತಮೂರ್ತಿಯವರ ‘ಅವಸ್ಥೆ’ಯ (1978) ಕೃಷ್ಣಪ್ಪ ಗೌಡ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದು, ತನ್ನ ಹೋರಾಟದ ಬದುಕು ಎಲ್ಲಿ ರಾಜಿಯಾಯಿತೆಂದು ಹಿಂದಿರುಗಿ ನೋಡುತ್ತಾನೆ. ಆದರೆ ರಷ್ಯದ ನಾಯಕನಿಗೆ ಅತ್ಯಂತ ಹತ್ತಿರದವನು ಅನಂತಮೂರ್ತಿಯವರದೇ ‘ಭಾರತೀಪುರ’ದ (1973) ಜಗನ್ನಾಥ. ಅವನೂ ಸಿರಿವಂತ ಜಮೀನ್ದಾರ, ಇಂಗ್ಲೆಂಡಿನಿಂದ ಮರಳಿದವನು.

ವ್ಯತ್ಯಾಸ ಇರುವುದೂ ಇಲ್ಲೇ. ಒಬ್ಲೊಮೊವ್ ಏಳುವುದಿಲ್ಲ, ಜಗನ್ನಾಥ ಎದ್ದು ನಿಲ್ಲುತ್ತಾನೆ. ದಲಿತರನ್ನು ಮಂಜುನಾಥನ ದೇವಾಲಯದೊಳಗೆ ಕರೆದೊಯ್ಯಲು ನಿಶ್ಚಯಿಸುತ್ತಾನೆ. ತನ್ನ ಮನೆಯ ಸಾಲಿಗ್ರಾಮವನ್ನು ಅವರ ಮುಂದೆ ಚಾಚಿ ಮುಟ್ಟಿ ಎನ್ನುತ್ತಾನೆ. ಅವರು ಹೆದರಿ ಹಿಂಜರಿದಾಗ ಬಿಡುಗಡೆಯ ಮಾತು ಒಡೆಯನ ಗದರಿಕೆಯಾಗಿ ಬದಲಾಗುತ್ತದೆ. ಯಾರಿಗಾಗಿ ಹೊರಟನೋ ಅವರನ್ನೇ ತಾನು ಕಂಡಿರಲಿಲ್ಲ ಎಂಬ ಅರಿವು ಅವನ ಭ್ರಮನಿರಸನ. ರಷ್ಯದ ನಾಯಕನಿಗೆ ಮಾಡಲು ಕೆಲಸವಿರಲಿಲ್ಲ. ನಮ್ಮ ನಾಯಕ ಕೆಲಸಕ್ಕೆ ಕೈಹಾಕಿದಾಗಲೇ ತನ್ನನ್ನು ತಾನು ಕಾಣುತ್ತಾನೆ.

ಇದರಿಂದ ನಿಮಗೇನು? ಅಥಣಿ ತಾಲ್ಲೂಕಿನ ಅನಂತಪುರದಂಥ ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಅನೇಕರು ತಮ್ಮ ಮನೆಯಲ್ಲಿ ಓದಿದ ಮೊದಲಿಗರು. ಪುಸ್ತಕ ಕಲಿಸಿದ್ದಕ್ಕೂ ಊರಿನ ನಡಾವಳಿಗೂ ತಾಳೆಯಾಗದೆ, ‘ನಾನು ಇಲ್ಲಿಗೂ ಸಲ್ಲೆ, ಅಲ್ಲಿಗೂ ಸಲ್ಲೆ’ ಎಂದು ನಿಮಗೂ ಅನ್ನಿಸಿರಬಹುದು. ಆಗ ಈ ಪಾತ್ರಗಳು ನೆರವಾಗುತ್ತವೆ. ಅವರನ್ನು ಅನುಕರಿಸಬೇಡಿ, ಸೋಮಾರಿಗಳೆಂದು ಹಳಿಯಲೂ ಬೇಡಿ. ಜ್ವರಮಾಪಕ ಜ್ವರವನ್ನು ಗುಣಪಡಿಸುವುದಿಲ್ಲ, ಎಷ್ಟಿದೆ ಎಂದು ತೋರಿಸುತ್ತದೆ. ಆಂಟಿ ಹೀರೋ ಕೂಡ ಹಾಗೆಯೇ. ಕಲಿತದ್ದಕ್ಕೂ ಬದುಕಿಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಅವನು ಅಳೆದು ತೋರಿಸುತ್ತಾನೆ.

ಮುಂದೆ ಇಂಥ ಕಾದಂಬರಿಯನ್ನು ಕೈಗೆತ್ತಿಕೊಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇವನ ಕಾಲ ಇವನಿಗೆ ಯಾವ ಬಾಗಿಲನ್ನು ಮುಚ್ಚಿತ್ತು? ತೆರೆದಿದ್ದ ಯಾವ ಬಾಗಿಲನ್ನು ಇವನೇ ಗಮನಿಸಲಿಲ್ಲ? ಮೊದಲನೆಯದು ಚರಿತ್ರೆಯ ಪ್ರಶ್ನೆ. ಎರಡನೆಯದು ನಿಮ್ಮದು.