ಮಾಲೆ ಹಾಕಿದವರು, ಶೂ ಕಟ್ಟಿದವರು

ಡಿಸೆಂಬರ್‌ನಲ್ಲಿ ಬೆಳಗಿನ ಐದಕ್ಕೆ ಏಳುವುದು ದೊಡ್ಡ ಸಾಧನೆಯೇನಲ್ಲ. ನಮ್ಮ ಸಾಲಗಾಮೆ ಹೋಬಳಿಯಲ್ಲಿ ಆ ಹೊತ್ತಿಗೆ ಅರ್ಧ ಊರೇ ಎದ್ದಿರುತ್ತದೆ. ಧನುರ್ಮಾಸ ಹಿಡಿದ ಮೇಲೆ ದೇವಸ್ಥಾನದಲ್ಲಿ ನಸುಕಿಗೇ ಗಂಟೆ ಬಾರಿಸುತ್ತದೆ, ಹುಗ್ಗಿಯ ಮೆಣಸಿನ ಘಮ ಬೀದಿಗೆ ಬರುತ್ತದೆ. ಅಯ್ಯಪ್ಪನ ಮಾಲೆ ಹಾಕಿದ ಹುಡುಗರು ತಣ್ಣೀರು ಸುರಿದುಕೊಂಡು, ನಡುಗುವ ದನಿಯಲ್ಲೇ ಶರಣು ಕೂಗುತ್ತಿರುತ್ತಾರೆ. ಓಂ ಶಕ್ತಿ ಮಾಲೆಯ ಹೆಂಗಸರು ಕೆಂಪು ಸೀರೆಯುಟ್ಟು ರಂಗೋಲಿ ಮುಗಿಸಿರುತ್ತಾರೆ, ಮೇಲ್‌ಮರುವತ್ತೂರಿಗೆ ಅವರ ಬಸ್ಸು ಯಾವತ್ತು ಹೊರಡುತ್ತದೆ ಎನ್ನುವುದು ತಿಂಗಳ ಮೊದಲೇ ಗೊತ್ತಾಗಿರುತ್ತದೆ. ಇವರೆಲ್ಲರ ನಡುವೆ ಮಫ್ಲರ್ ಸುತ್ತಿ, ಶೂ ಕಟ್ಟಿ ಓಡುವವಳು ನಾನೊಬ್ಬಳೇ. ಯಾವ ದೇವರ ಲೆಕ್ಕಕ್ಕೂ ಸೇರದವಳು.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವುದು ನನ್ನ ಕೆಲಸ. ನಲವತ್ತು ದಾಟಿದ ಮೇಲೆ ಡಾಕ್ಟರು ಸಕ್ಕರೆ ಕಾಯಿಲೆ ಬಾಗಿಲಲ್ಲೇ ನಿಂತಿದೆ ಎಂದು ಹೇಳಿದ್ದರಿಂದ ನಡೆಯಲು ಶುರುಮಾಡಿದೆ, ನಡಿಗೆ ಸಾಲದೆನಿಸಿ ಓಡಿದೆ. ಹಳ್ಳಿ ರಸ್ತೆಯಲ್ಲಿ ಹೆಂಗಸು ಓಡಿದರೆ ಯಾರದೋ ಮನೆಯಲ್ಲಿ ಏನೋ ಆಗಿದೆ ಎಂದೇ ಜನ ತಿಳಿಯುವುದು. ಬೈಕ್ ನಿಲ್ಲಿಸಿ, "ಏನ್ ಮೇಡಂ, ಬಸ್ ತಪ್ಪೋಯ್ತಾ? ಹತ್ಕಳಿ, ಬಿಟ್ಬಿಡ್ತೀನಿ" ಎಂದವರೂ ಇದ್ದಾರೆ. ಡಿಸೆಂಬರ್‌ನಲ್ಲಿ ಇನ್ನೊಂದು ಸಮಸ್ಯೆ, ಒಕ್ಕಣೆ. ಕಣ ಮಾಡುವ ಕಾಲ ಹೋಯಿತು. ಈಗ ರಾಗಿ, ಹುರುಳಿ ಎಲ್ಲವನ್ನೂ ಟಾರು ರಸ್ತೆಗೇ ಹರಡುತ್ತಾರೆ, ಲಾರಿ ಬಸ್ಸುಗಳೇ ತುಳಿದು ಕಾಳು ಉದುರಿಸಬೇಕು. ಇಬ್ಬನಿ ಕುಡಿದ ಹುರುಳಿ ಸೊಪ್ಪಿನ ಮೇಲೆ ಓಡುವುದೆಂದರೆ ಜಾರುವುದೆಂದೇ ಅರ್ಥ. ರಸ್ತೆಯಲ್ಲಿ ಒಕ್ಕುವುದು ಅಪಾಯ ಎಂದು ರೈತರಿಗೂ ಗೊತ್ತು, ಪೊಲೀಸರಿಗೂ ಗೊತ್ತು. ಪ್ರತಿ ವರ್ಷವೂ ಎಚ್ಚರಿಕೆ, ಪ್ರತಿ ವರ್ಷವೂ ಒಕ್ಕಣೆ.

ವರ್ಷದ ಕೊನೆಗೆ ನಮ್ಮ ಸ್ಟಾಫ್ ರೂಮಿನಲ್ಲೂ ಒಂದು ಒಕ್ಕಣೆ ನಡೆಯುತ್ತದೆ. ಜನವರಿ ಒಂದರಿಂದ ವಾಕಿಂಗ್, ಜನವರಿ ಒಂದರಿಂದ ಅನ್ನ ಬಿಟ್ಟು ಮುದ್ದೆ, ಜನವರಿ ಒಂದರಿಂದ ಮೊಬೈಲು ಕಡಿಮೆ. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಜಳ್ಳೆಲ್ಲ ಹಾರಿ ಹೋಗಿರುತ್ತದೆ. ಅದೇ ಕೋಣೆಗೆ ಚಹಾ ತರುವ ಹುಡುಗ ಕಪ್ಪು ಬಟ್ಟೆಯಲ್ಲಿ, ಬರಿಗಾಲಲ್ಲಿ, ಗಡ್ಡ ಬಿಟ್ಟುಕೊಂಡು ಓಡಾಡುತ್ತಾನೆ. ಅವನು ಬೀಡಿ ಬಿಟ್ಟಿರುತ್ತಾನೆ, ಮಾಂಸ ಬಿಟ್ಟಿರುತ್ತಾನೆ, ಚಾಪೆಯ ಮೇಲೆ ಮಲಗುತ್ತಾನೆ. ಒಂದು ದಿನವೂ ತಪ್ಪುವುದಿಲ್ಲ. ಎಂ.ಎಸ್ಸಿ., ಬಿ.ಇಡಿ. ಮಾಡಿದ ನಮ್ಮಿಂದಾಗದ್ದು ಅವನಿಂದ ಹೇಗಾಯಿತು ಎನ್ನುವುದು ನನ್ನನ್ನು ಬಹಳ ದಿನ ಕಾಡಿದೆ.

ಹೊಸ ವರ್ಷದ ನಿರ್ಧಾರಗಳನ್ನು ಗೇಲಿ ಮಾಡುವುದು ಸುಲಭ, ಆದರೆ ಅವು ಪೂರ್ತಿ ವ್ಯರ್ಥವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ವರ್ಷಕ್ಕೆ ನಿರ್ಧಾರ ಮಾಡಿದವರ ಪೈಕಿ ಆರು ತಿಂಗಳ ನಂತರವೂ ಉಳಿಸಿಕೊಂಡಿದ್ದೇವೆ ಎಂದವರು ಶೇ 46. ಬದಲಾಗುವ ಆಸೆಯಿದ್ದೂ ನಿರ್ಧಾರ ಮಾಡದೆ ಕುಳಿತವರಲ್ಲಿ ಹಾಗೆಂದವರು ಶೇ 4 ಮಾತ್ರ. ಸ್ವೀಡನ್ನಿನಲ್ಲಿ 1,066 ಜನರನ್ನು ಒಂದು ವರ್ಷ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವಿದೆ. ಏನನ್ನೋ ಹೊಸದಾಗಿ ಮಾಡುತ್ತೇನೆ ಎಂದುಕೊಂಡವರಲ್ಲಿ ಶೇ 58.9ರಷ್ಟು ಮಂದಿ ಗೆದ್ದರು, ಏನನ್ನೋ ಬಿಡುತ್ತೇನೆ ಎಂದುಕೊಂಡವರಲ್ಲಿ ಶೇ 47.1. ಅಂದರೆ ಬಿಡುವುದು ಕಷ್ಟ, ಹಿಡಿಯುವುದು ವಾಸಿ.

ಹಾಗಾದರೆ ನಮ್ಮ ಚಹಾದ ಹುಡುಗ? ಅವನದು ಬಹುಪಾಲು ಬಿಡುವ ವ್ರತವೇ. ಆದರೂ ಗೆಲ್ಲುತ್ತಾನೆ. ಗಮನಿಸಿದರೆ ಆ ಮಾಲೆಯ ಸುತ್ತ ಎಷ್ಟೊಂದು ಕಾವಲಿದೆ! ಮಾಲೆ ಹಾಕಿದ ಗುರುಸ್ವಾಮಿಗೆ ಉತ್ತರ ಹೇಳಬೇಕು. ಬಟ್ಟೆಯ ಬಣ್ಣವೇ ಊರಿಗೆಲ್ಲ ಸಾರಿಬಿಟ್ಟಿದೆ, ಆ ಬಟ್ಟೆಯಲ್ಲಿ ಬಾರ್ ಮೆಟ್ಟಿಲು ಹತ್ತಲಾಗದು. ನಿನ್ನೆವರೆಗೆ "ಲೋ" ಎಂದವರು ಇಂದು "ಸ್ವಾಮಿ" ಎನ್ನುತ್ತಾರೆ. ಸಂಜೆ ಭಜನೆಗೆ ಬಾರದಿದ್ದರೆ ಹುಡುಕಿಕೊಂಡು ಬರುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಇರುಮುಡಿ ಕಟ್ಟುವ ದಿನ ಗೊತ್ತಿದೆ. ನಮ್ಮ ಜನವರಿ ಒಂದರ ನಿರ್ಧಾರಕ್ಕೆ ಸಾಕ್ಷಿಯೂ ಇಲ್ಲ, ವಾಯಿದೆಯೂ ಇಲ್ಲ. ಮುರಿದರೆ ಕೇಳುವವರಿಲ್ಲ.

ಮನೆಯಲ್ಲಿ ಪೂಜೆ ಮಾಡಿಸುವಾಗ ಪುರೋಹಿತರು ಹೇಳಿಸುವ ಸಂಕಲ್ಪವನ್ನು ನೆನಪಿಸಿಕೊಳ್ಳಿ. ಯಾವ ಸಂವತ್ಸರ, ಯಾವ ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ಯಾವ ನದಿಯ ಯಾವ ದಿಕ್ಕು, ಯಾವ ಗೋತ್ರ, ಯಾವ ನಕ್ಷತ್ರ, ಯಾರು, ಏನು ಮಾಡುತ್ತಿದ್ದಾರೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಿದ ಮೇಲೇ ಕೆಲಸ ಶುರು. (ಹೇಮಾವತಿ ಪಕ್ಕದಲ್ಲೇ ಹರಿಯುತ್ತಿದ್ದರೂ ನಾವು ಗೋದಾವರಿಯ ದಕ್ಷಿಣದವರು ಎಂದೇ ಹೇಳಿಸುತ್ತಾರೆ, ಇರಲಿ.) ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರ ಲೇಖನವೊಂದರಲ್ಲಿ ತೋರಿಸಿದ್ದು ಹೆಚ್ಚು ಕಡಿಮೆ ಇದನ್ನೇ: "ಓಡುತ್ತೇನೆ" ಎಂದುಕೊಳ್ಳುವವರಿಗಿಂತ, ಇಂಥ ಹೊತ್ತಿಗೆ ಇಂಥ ಜಾಗದಲ್ಲಿ ಇಂಥದ್ದನ್ನು ಮಾಡುತ್ತೇನೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಹೆಚ್ಚು ಸಲ ಮಾಡಿ ಮುಗಿಸುತ್ತಾರೆ. ನಾನು ಈಗ ಹೇಳಿಕೊಳ್ಳುವುದು ಹೀಗೆ: ಹಾಲು ಕರೆದುಕೊಂಡು ಬರುವವನ ಸೈಕಲ್ ಬೆಲ್ ಕೇಳಿದ ಕೂಡಲೇ, ಡೇರಿ ಮುಂದಿನಿಂದ, ಕೆರೆ ಏರಿಯ ತುದಿಯವರೆಗೆ. ಗೋತ್ರ ನಕ್ಷತ್ರ ಬೇಕಿಲ್ಲ.

ನನ್ನ ಅವ್ವನ ಹತ್ತಿರ ಇಂಥ ಲೆಕ್ಕಾಚಾರ ಇರಲಿಲ್ಲ. ಅವಳ ಹತ್ತಿರ ಇದ್ದದ್ದು ಹರಕೆ. ನಾನು ಚಿಕ್ಕವಳಿದ್ದಾಗ ಜ್ವರ ಬಿಡದೆ ಮಲಗಿದ್ದೆನಂತೆ, ವಾಸಿಯಾದರೆ ಧರ್ಮಸ್ಥಳಕ್ಕೆ ನಡೆದು ಬರುತ್ತೇನೆ ಎಂದು ಮಂಜುನಾಥನಿಗೆ ಹೇಳಿಕೊಂಡಳು. ನಡೆದೂ ನಡೆದಳು. ಮಂಡಿ ನೋವು ಬಂದ ಮೇಲೂ ಯಾಕವ್ವ ಎಂದರೆ, "ಹೊತ್ಕಂಡ್ಮೇಲೆ ತೀರಿಸ್ಬೇಕು ಕಣವ್ವ. ದೇವ್ರ ಸಾಲ ಇಟ್ಕಂಡು ಸಾಯಕ್ಕಾಯ್ತದಾ?" ಎನ್ನುತ್ತಿದ್ದಳು. ದೇವರು ಸಾಲ ಕೊಟ್ಟವನ ಹಾಗೆ ಬಾಗಿಲಿಗೆ ಬಂದು ನಿಲ್ಲುತ್ತಾನೆ ಎಂದು ನಾನು ನಂಬುವುದಿಲ್ಲ. ಆದರೆ ತೀರಿಸಬೇಕು ಎನ್ನುವ ಆ ಚಡಪಡಿಕೆ ಅವಳನ್ನು ನೂರು ಕಿಲೋಮೀಟರಿಗೂ ಹೆಚ್ಚು ನಡೆಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಶಿವರಾತ್ರಿಗೆ ಮುಂಚಿನ ವಾರ ಹಾಸನದ ರಸ್ತೆಗಳನ್ನು ನೋಡಬೇಕು. ಬೆಂಗಳೂರು, ಮಂಡ್ಯ, ತುಮಕೂರಿನ ಕಡೆಯವರೂ ನಮ್ಮವರೂ ಸೇರಿ ಸಾವಿರಾರು ಜನ ಧರ್ಮಸ್ಥಳದತ್ತ ನಡೆಯುತ್ತಾರೆ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುವುದು ಒಂದು ದಾರಿ. ದಾರಿಯುದ್ದಕ್ಕೂ ಶಾಮಿಯಾನ ಹಾಕಿ ಮಜ್ಜಿಗೆ, ಕಲ್ಲಂಗಡಿ, ಪಲಾವ್, ಕಾಲಿಗೆ ಹಚ್ಚಲು ಎಣ್ಣೆ ಕೊಡುವವರಿದ್ದಾರೆ. ದೊಡ್ಡ ಊರಿನ ಮ್ಯಾರಥಾನ್‌ಗಳಲ್ಲಿ ದುಡ್ಡು ಕೊಟ್ಟು ಪಡೆಯುವ ಉಪಚಾರ ಇಲ್ಲಿ "ತಗಳಿ ತಾಯಿ" ಎಂದು ಕೈಗೇ ಬರುತ್ತದೆ. ಅವ್ವ ಹೋದ ಮೇಲೆ ಅವಳ ತಂಡದ ಜೊತೆ ನಾನೂ ನಡೆದೆ. ಓಡಿ ಅಭ್ಯಾಸವಿದ್ದ ನನಗೆ ಚಾರ್ಮಾಡಿಯ ಇಳಿಜಾರು ಕಲಿಸಿದ ಪಾಠ ಬೇರೆ ಯಾರೂ ಕಲಿಸಿಲ್ಲ. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ಸೋಲುತ್ತದೆ. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳು ಭಾರ ಹೊತ್ತುಕೊಂಡೇ ಹಿಗ್ಗಬೇಕು, ಅದರಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಆ ನೋವು ಅಂದೇ ಕಾಣಿಸುವುದಿಲ್ಲ, ಮಾರನೆ ದಿನ, ಅದರ ಮಾರನೆ ದಿನ ಎದ್ದು ಕೂರುತ್ತದೆ. ನೇತ್ರಾವತಿಯ ಸ್ನಾನಘಟ್ಟದ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುವ ಯಾತ್ರಿಕರನ್ನು ನೋಡಿ ನಕ್ಕಿದ್ದೆ, ಆಮೇಲೆ ನಾನೂ ಹಾಗೇ ಇಳಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಹರಕೆ, ಮಾಲೆಗಳ ಕೊರತೆಯನ್ನೂ ಹೇಳಬೇಕು. ಅವು ಮುಗಿಯುತ್ತವೆ. ಮಕರಜ್ಯೋತಿ ನೋಡಿ ಬಂದು ಮಾಲೆ ತೆಗೆದ ವಾರದೊಳಗೆ ನಮ್ಮ ಚಹಾದ ಹುಡುಗನ ಜೇಬಿಗೆ ಬೀಡಿ ವಾಪಸ್ಸು ಬರುತ್ತದೆ. ವ್ರತ 41 ದಿನ, ಪೂರ್ತಿ ಮಂಡಲ ಎಂದರೆ 48 ದಿನ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ, ಒಂದು ಹೊಸ ಕೆಲಸ ಯೋಚಿಸದೆಯೇ ಮಾಡುವ ರೂಢಿಯಾಗಲು ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕಿದರು. ಮಧ್ಯದ ಅಂಕಿ 66 ದಿನ. ಕೆಲವರಿಗೆ 18ಕ್ಕೇ ಆಯಿತು, ಕೆಲವರಿಗೆ 254 ದಿನ ಬೇಕಾಗುತ್ತಿತ್ತು. ಇಪ್ಪತ್ತೊಂದು ದಿನ ಮಾಡಿದರೆ ಸಾಕು ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಮಾತಿಗೆ ಆಧಾರವಿಲ್ಲ. ಅದು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕದಿಂದ ಹಬ್ಬಿದ್ದು, ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ ಅಷ್ಟು ದಿನ ಹಿಡಿಯುತ್ತದೆ ಎಂದು ಅವರು ಕಂಡಿದ್ದರು. ಲಾಲಿಯವರ ಅಧ್ಯಯನದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಸಂಗತಿ ಬೇರೆ: ನಡುವೆ ಒಂದು ದಿನ ತಪ್ಪಿದರೆ ರೂಢಿಗೇನೂ ಧಕ್ಕೆಯಾಗುವುದಿಲ್ಲ. ವ್ರತಕ್ಕೆ ಈ ಔದಾರ್ಯವಿಲ್ಲ.

ಗಣಿತದವಳಾದ್ದರಿಂದ ಕ್ಯಾಲೆಂಡರ್ ಹಿಡಿದು ಎಣಿಸಿದೆ. ಜನವರಿ 1ರಿಂದ 66ನೇ ದಿನ ಮಾರ್ಚ್ ಮೊದಲ ವಾರದ ಕೊನೆಗೆ ಬೀಳುತ್ತದೆ. ಶಿವರಾತ್ರಿ ಬರುವುದು ಫೆಬ್ರುವರಿ ಮಧ್ಯದಿಂದ ಮಾರ್ಚ್ ಮಧ್ಯದೊಳಗೆ, ಅದರ ಬೆನ್ನಿಗೆ ಯುಗಾದಿ. ಇಂಗ್ಲಿಷ್ ವರ್ಷದ ಮೊದಲ ದಿನ ಶುರುವಾದ ಓಟ ರೂಢಿಯಾಗುವುದು ನಮ್ಮ ವರ್ಷ ತುಸು ದೂರದಲ್ಲಿದೆ ಎನ್ನುವಾಗ. ಈ ನಡುವಿನ ಗಂಡಾಂತರ ಜನವರಿ ಕೊನೆಯ ವಾರದಲ್ಲಿದೆ. ಹೃದಯ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ಸಲೀಸಾಯಿತೆಂದು ದೂರ ಹೆಚ್ಚಿಸಿದವರಿಗೆ ಮೂರು ನಾಲ್ಕನೇ ವಾರ ಮೊಳಕಾಲಿನ ಕೆಳಗೆ, ಹಿಮ್ಮಡಿಯಲ್ಲಿ ನೋವು ಹಿಡಿಯುತ್ತದೆ. ಮನಸ್ಸು ಸೋತಿತು ಎಂದು ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಪಾಪ, ಸೋತದ್ದು ಹಿಮ್ಮಡಿ. ಒಂದಿಷ್ಟು ಓಡಿ, ಒಂದಿಷ್ಟು ನಡೆದು, ಪಕ್ಕದವರ ಜೊತೆ ಮಾತಾಡುವಷ್ಟು ಉಸಿರು ಉಳಿಸಿಕೊಂಡರೆ ಮೊದಲ ವರ್ಷಕ್ಕೆ ಅದೇ ಬೇಕಾದಷ್ಟು.

ನಂಬಿಕೆಗಾಗಿ ಕಾಲು ಸವೆಸುವುದರಲ್ಲಿ ಜಪಾನಿನ ಹಿಯೆಯಿ ಬೆಟ್ಟದ ತೆಂಡಾಯ್ ಬೌದ್ಧ ಸನ್ಯಾಸಿಗಳನ್ನು ಮೀರಿಸಿದವರಿಲ್ಲ. ಏಳು ವರ್ಷದಲ್ಲಿ ಹಂಚಿದ ಸಾವಿರ ದಿನದ ವ್ರತ ಅವರದು. ಮೊದಲ ಮೂರು ವರ್ಷ ವರ್ಷಕ್ಕೆ ನೂರು ದಿನ, ದಿನಕ್ಕೆ ಸುಮಾರು 30 ಕಿ.ಮೀ.; ಕೊನೆಯ ವರ್ಷ ನೂರು ದಿನ ದಿನಕ್ಕೆ 84 ಕಿ.ಮೀ. ನಡುವೆ ಬಿಟ್ಟರೆ ಪ್ರಾಣ ಕಳೆದುಕೊಳ್ಳಬೇಕೆಂದು ಸಂಪ್ರದಾಯ ಹೇಳುತ್ತದೆ, ಅದಕ್ಕೆಂದೇ ಹಗ್ಗ, ಕತ್ತಿ ಜೊತೆಗಿರುತ್ತವೆ. ಓದಿದಾಗ ಮೈ ಜುಮ್ಮೆಂದಿತು, ಆದರೆ ಸಂಸಾರಸ್ಥರಿಗೆ ಇದು ದಾರಿಯಲ್ಲ.

ನಮಗೆ ದಾರಿ ಇಲ್ಲೇ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿದೆ. ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಪ್ರವಾಸ ಕರೆದೊಯ್ದಾಗಲೆಲ್ಲ ಬರಿಗಾಲಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತುತ್ತೇನೆ. ಮೇಲೆ ಚಾವುಂಡರಾಯ ಹತ್ತನೇ ಶತಮಾನದಲ್ಲಿ ಮಾಡಿಸಿದ ಬಾಹುಬಲಿ, ಕಾಲಿಗೆ ಬಳ್ಳಿ ಹಬ್ಬುವವರೆಗೂ ಅಲುಗಾಡದೆ ನಿಂತವನು. ಜೈನರು ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ ಎಂದು ಬೇರೆ ಬೇರೆ ಇಟ್ಟಿದ್ದಾರೆ. ಹಾಲು, ಗೇಯ್ಮೆ, ಮಕ್ಕಳ ಪರೀಕ್ಷೆ ಇರುವವರಿಗೆ ಅಳತೆಯೇ ಬೇರೆ ಎಂದು ಅಷ್ಟು ಹಿಂದೆಯೇ ಒಪ್ಪಿಕೊಂಡ ವಿವೇಕ ಅದು. ಗೃಹಸ್ಥರ ಹನ್ನೆರಡು ವ್ರತಗಳಲ್ಲಿ ದಿಗ್‌ವ್ರತ ಎಂಬುದೊಂದಿದೆ: ಯಾವ ದಿಕ್ಕಿನಲ್ಲೂ ಇಷ್ಟು ದೂರಕ್ಕಿಂತ ಆಚೆ ಹೋಗುವುದಿಲ್ಲ ಎಂದು ತನಗೆ ತಾನೇ ಗೆರೆ ಎಳೆದುಕೊಳ್ಳುವುದು. ಓಡುವವರು ಪ್ರತಿ ಹೊಸ ವರ್ಷ ಆ ಗೆರೆಯನ್ನು ಮುಂದಕ್ಕೆ ತಳ್ಳುವುದನ್ನೇ ಸಾಧನೆ ಎನ್ನುತ್ತಾರೆ, ಐದಾದರೆ ಹತ್ತು, ಹತ್ತಾದರೆ ಇಪ್ಪತ್ತೊಂದು. ನಾನು ಕೆರೆ ಏರಿಯ ತುದಿಯನ್ನು ನನ್ನ ದಿಗ್‌ವ್ರತ ಮಾಡಿಕೊಂಡಿದ್ದೇನೆ. ಅದರಾಚೆ ಓಡುವುದಿಲ್ಲ. ವಾರಕ್ಕೆ ಕನಿಷ್ಠ 75 ನಿಮಿಷ ಏದುಸಿರಿನ ವ್ಯಾಯಾಮವಿದ್ದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿರುವಾಗ ಆಚೆ ಹೋಗಿ ಆಗಬೇಕಾದ್ದೇನು?

ನಂಬಿಕೆ ಇದೆಯೋ ಇಲ್ಲವೋ ಎಂದು ಕೇಳಿದರೆ, ಹಾಸನಾಂಬೆಯ ಬಾಗಿಲು ತೆರೆದಾಗ ಸಾಲಿನಲ್ಲಿ ನಿಲ್ಲುವವಳೇ ನಾನು. ಅಲ್ಲಿನ ಸೊಸೆ ಕಲ್ಲು ದೇವಿಯ ಕಡೆಗೆ ವರ್ಷಕ್ಕೊಂದು ಅಕ್ಕಿಕಾಳಿನಷ್ಟು ಸರಿಯುತ್ತದೆ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ನನಗಿಂತ ನಿಧಾನವಾಗಿ ಓಡುವವಳು ಆ ಸೊಸೆಯೊಬ್ಬಳೇ. ಆದರೆ ಬೆಳಿಗ್ಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸುವುದು ದೇವಿಯಲ್ಲ. ಪಕ್ಕದ ಬೀದಿಯ ಅಕ್ಕ, ಡೇರಿ ಮುಂದೆ ಶಾಲು ಹೊದ್ದು ನಿಂತಿರುತ್ತಾರೆ. ಅವರು ಓಡುವುದಿಲ್ಲ, ನಡೆಯುತ್ತಾರೆ. ನಾನು ಬರದಿದ್ದರೆ ಮನೆ ಬಾಗಿಲಿಗೆ ಬಂದು, "ಏನ್ ಟೀಚರಮ್ಮ, ಮೈ ಹುಷಾರಿಲ್ವಾ?" ಎಂದು ಇಡೀ ಬೀದಿಗೆ ಕೇಳುವ ಹಾಗೆ ವಿಚಾರಿಸುತ್ತಾರೆ. ಯಾವ ಆ್ಯಪ್ ಕೊಡುವ ಜ್ಞಾಪನೆಗೂ ಆ ದನಿಯ ಜೋರಿಲ್ಲ.

ಆದ್ದರಿಂದ ಹೊಸ ವರ್ಷಕ್ಕೆ ಓಡಬೇಕೆಂದಿರುವವರು ಶೂ ಕೊಳ್ಳುವ ಮೊದಲು ಇಂಥ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಸಕ್ಕರೆ, ಬಿ.ಪಿ., ಎದೆನೋವು ಏನಾದರೂ ಇದ್ದರೆ ಡಾಕ್ಟರನ್ನು ಕೇಳಿ. ನಮ್ಮ ತಂಡ ಈ ಸಲವೂ ಶಿವರಾತ್ರಿಗೆ ಮೊದಲು ಧರ್ಮಸ್ಥಳಕ್ಕೆ ಹೊರಡುತ್ತದೆ. ಬರುವವರು ಜನವರಿಗೆ ಕಾಯದೆ ಈಗಿನಿಂದಲೇ ನಡೆಯಲು ಶುರುಮಾಡಬೇಕು, ಹೊಸ ಶೂ ಹಾಕಿಕೊಂಡು ಘಾಟಿ ಇಳಿಯಲು ಬರಬಾರದು.