ಬಾವಿಗೂ ಒಂದು ಲೆಕ್ಕದ ಪುಸ್ತಕ ಬೇಕು

ಧಾರವಾಡವೆಂದೊಡನೆ ನಮಗೆ ಪೇಡೆ ನೆನಪಾದರೆ ಭೂವಿಜ್ಞಾನಿಗಳಿಗೆ ಕಲ್ಲು ನೆನಪಾಗುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬವರು ಈ ಸೀಮೆಯ ಪುರಾತನ ಶಿಲೆಗಳಿಗೆ ಧಾರವಾಡದ ಹೆಸರನ್ನೇ ಇಟ್ಟರು. ಸಂಡೂರಿನ ಕಬ್ಬಿಣ, ಕಪ್ಪತಗುಡ್ಡದ ಚಿನ್ನ, ಕುದುರೆಮುಖದ ಅದಿರು ಎಲ್ಲವೂ ಇದೇ ಬಳಗದ ಕಲ್ಲಿನಲ್ಲಿವೆ. ಇಂಥ ಗಟ್ಟಿ ಕಲ್ಲಿನ ಬಿರುಕುಗಳಲ್ಲೇ ಬಾವಿಯ ನೀರೂ ನಿಲ್ಲುತ್ತದೆ. ಗಣಿಯೂ ಬಾವಿಯೂ ಒಂದೇ ಮನೆಯ ದಾಯಾದಿಗಳೆನ್ನಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಸಮೀಪದಲ್ಲೊಂದು ಕಲ್ಲುಗಣಿ ಆಳಕ್ಕಿಳಿಯಿತು. ಮರುಬೇಸಿಗೆಯಲ್ಲಿ ಅಡಿಕೆ ತೋಟದ ಬಾವಿ ಬತ್ತಿತು. ದೂರು ಕೊಟ್ಟೆವು. ಸ್ಥಳಕ್ಕೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: “ಮೊದಲು ಎಷ್ಟು ಅಡಿ ನೀರಿತ್ತು?” ಕಾಫಿ ಹೂಮಳೆಯ ಸೆಂಟ್ಸ್ ಲೆಕ್ಕ ನಮ್ಮಲ್ಲಿತ್ತು, ಬಾವಿಯ ಲೆಕ್ಕವಿರಲಿಲ್ಲ. ತಲೆ ತಗ್ಗಿಸಿದೆವು.

ಗಣಿಯ ಹೊಂಡ ಜಲಮಟ್ಟಕ್ಕಿಂತ ಕೆಳಗಿಳಿದರೆ ಒಸರುವ ನೀರನ್ನು ಪಂಪಿನಿಂದ ಹೊರಹಾಕಬೇಕಾಗುತ್ತದೆ. ಆಗ ಸುತ್ತಲಿನ ಜಲಮಟ್ಟ ಹೊಂಡದತ್ತ ಇಳಿಜಾರಾಗುತ್ತದೆ. ಆದರೆ ಮಳೆ ಕಡಿಮೆಯಾದರೂ ಬಾವಿ ಇಳಿಯುತ್ತದೆ. ನಾವೇ ಕೊರೆಸಿದ ಬೋರ್‌ವೆಲ್‌ನಿಂದಲೂ ಇಳಿಯುತ್ತದೆ. ಯಾವುದು ಕಾರಣವೆಂದು ತಿಳಿಯಲು ಮಳೆ ಮತ್ತು ಬಾವಿ ಎರಡರ ಲೆಕ್ಕವೂ ಜೊತೆಯಾಗಿ ಬೇಕು. ಮಳೆ ವಾಡಿಕೆಯಷ್ಟೇ ಬಿದ್ದು, ದೂರದ ಬಾವಿಗಳು ಸರಿಯಾಗಿದ್ದು, ಗಣಿಯ ಪಕ್ಕದವು ಮಾತ್ರ ಇಳಿದರೆ ಸಂಶಯಕ್ಕೆ ಆಧಾರವುಂಟು. ಎಲ್ಲವೂ ಇಳಿದಿದ್ದರೆ ಮೊದಲು ಮಳೆಯ ಪುಸ್ತಕ ನೋಡಬೇಕು.

ಕೆಲಸ ಕಷ್ಟವಲ್ಲ. ಮಳೆಮಾಪಕವನ್ನು ಮರ, ಮಾಡುಗಳಿಂದ ದೂರ ಬಯಲಿನಲ್ಲಿಟ್ಟು ಪ್ರತಿದಿನ ಬೆಳಿಗ್ಗೆ 8.30ಕ್ಕೆ ಓದಿರಿ. ಮಳೆಯಿಲ್ಲದ ದಿನ ಸೊನ್ನೆ ಬರೆಯಿರಿ. ಒಂದು ಇಂಚು ಎಂದರೆ 25.4 ಮಿಲಿಮೀಟರ್. ಬಾವಿಕಟ್ಟೆಯ ಮೇಲೆ ಬಣ್ಣದ ಗುರುತು ಹಾಕಿ, ಪಂಪು ಹಾಕುವ ಮುನ್ನ, ಅಲ್ಲಿಂದ ನೀರಿನವರೆಗೆ ಭಾರ ಕಟ್ಟಿದ ಟೇಪಿನಿಂದ ಅಳೆಯಿರಿ. ತಿಂಗಳಿಗೊಮ್ಮೆ ಸಾಕು. ಒಂದು ವರ್ಷದ ಮೇ ತಿಂಗಳನ್ನು ಇನ್ನೊಂದರ ಮೇಗೆ ಹೋಲಿಸಬೇಕು, ಆಗಸ್ಟಿಗಲ್ಲ. ಗಣಿ ಆರಂಭಕ್ಕೆ ಮೊದಲಿನ ಲೆಕ್ಕಕ್ಕೆ ಬೆಲೆ ಹೆಚ್ಚು.

ಲೆಕ್ಕದ ಬೆಲೆಯನ್ನು ಕುದುರೆಮುಖ ಕಲಿಸಿದೆ. 1976ರಲ್ಲಿ ಸ್ಥಾಪನೆಯಾದ ಕಂಪನಿಯ ಗಣಿಯ ಕುರಿತು ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ತೀರ್ಪಿತ್ತಿತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಭದ್ರೆಗೆ ಸೇರುವ ಹೂಳು ಆ ವ್ಯಾಜ್ಯದ ಒಂದು ಮುಖ್ಯ ವಿಷಯವಾಗಿತ್ತು. ಮಳೆ ತಾನಾಗಿ ತಂದ ಮಣ್ಣೆಷ್ಟು, ಗಣಿಯದೆಷ್ಟು ಎಂಬುದನ್ನು ಬಾಯಿಮಾತಿನಿಂದ ತೀರ್ಮಾನಿಸಲಾಗದು.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅನುಮತಿ ಪಡೆದ ಯೋಜನೆಯವರು ಷರತ್ತುಗಳ ಪಾಲನೆಯ ವರದಿಯನ್ನು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸತಕ್ಕದ್ದು. ದೊಡ್ಡ ಗಣಿಗಳ ಅನುಮತಿಯಲ್ಲಿ ವರ್ಷಕ್ಕೆ ನಾಲ್ಕು ಸಲ ಅಂತರ್ಜಲ ಅಳೆಯುವ ಷರತ್ತು ಸಾಮಾನ್ಯ. ಅವರ ಅಂಕಿಯ ಪಕ್ಕದಲ್ಲಿಡಲು ನಮ್ಮ ಅಂಕಿ ಇದ್ದರೆ ತಾನೇ ಮಾತಿಗೆ ತೂಕ?

ಒಬ್ಬರ ಬಾವಿಯ ಲೆಕ್ಕ ಗುಮಾನಿ. ಇಪ್ಪತ್ತು ಬಾವಿಗಳದ್ದು ಸಾಕ್ಷಿ. ಸದಸ್ಯ ಬಂಧುಗಳು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಅಳತೆ ಆರಂಭಿಸಿ, ತಿಂಗಳ ಪ್ರತಿಯನ್ನು ಸಂಘದ ಕಚೇರಿಗೆ ಕೊಡಬೇಕಾಗಿ ಕೋರುತ್ತೇವೆ. ನಮ್ಮ ಬತ್ತಿದ ಬಾವಿಯ ಕಟ್ಟೆಗೂ ಈಗ ಕೆಂಪು ಗುರುತು ಹಾಕಿದ್ದೇವೆ.