ಎಣ್ಣೆಯೊಳಗಿನ ಉಕ್ಕಿನ ಪುಡಿ

ಪೀಣ್ಯದ ಗ್ರೈಂಡಿಂಗ್ ಯಂತ್ರಗಳ ಪಕ್ಕದಲ್ಲಿ ಅಯಸ್ಕಾಂತದ ಉರುಳೆ ತಿರುಗುತ್ತಾ ಕೂಲಂಟ್‌ನಲ್ಲಿರುವ ಕಬ್ಬಿಣದ ಪುಡಿಯನ್ನು ಎಳೆದುಕೊಳ್ಳುವುದನ್ನು ಕಾಣಬಹುದು. ಕಾಡುಮೇಡು ಅಲೆಯುವ ಬೈಕುಗಳಿಗೂ ಇದೇ ಉಪಾಯ. ಹಲವು ಬೈಕುಗಳಲ್ಲಿ ಗೇರು, ಕ್ಲಚ್ಚು, ಪಿಸ್ಟನ್ ಎಲ್ಲಕ್ಕೂ ಒಂದೇ ಎಣ್ಣೆ, ಅದೂ ಒಂದು ಲೀಟರಿನ ಆಸುಪಾಸು. ಗೇರಿನ ಹಲ್ಲು ಸವೆದುದುರಿದ ಪುಡಿ ಬೇರಿಂಗಿಗೆ ಹೊಕ್ಕರೆ ಎಂಜಿನ್ ಕೆಟ್ಟಂತೆಯೇ. ಅಯಸ್ಕಾಂತ ಅದನ್ನು ಹಿಡಿದಿಡುತ್ತದೆ. ಒರೆಸಿ ಮತ್ತೆ ಹಾಕಿದರಾಯಿತು.

ಅಪ್ಪಂದಿರಿಗೆ ಇದೇನೂ ಹೊಸದಲ್ಲ. 1985ರಲ್ಲಿ ಬಂದ ಹೀರೋ ಹೊಂಡಾ ಸಿಡಿ 100ರಲ್ಲೂ ಬಿಸಾಡುವ ಫಿಲ್ಟರ್ ಇರಲಿಲ್ಲ, ಜಾಲರಿಯನ್ನು ತೊಳೆದು ಹಾಕುತ್ತಿದ್ದರು.

ಪಿಸ್ಟನ್ನಿನ ಅಲ್ಯೂಮಿನಿಯಂ, ಕ್ಲಚ್ಚಿನ ಪುಡಿ, ಒಳಸೇರಿದ ಧೂಳು ಮಾತ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅವುಗಳಿಗೆ ಜಾಲರಿಯೂ ಬೇಕು. 'ಅಯಸ್ಕಾಂತವೊಂದೇ ಸಾಕು' ಎನ್ನುವ ಅಂಗಡಿಯವನನ್ನು ನಂಬದಿರುವುದೇ ಲೇಸು. ಒರೆಸುವಾಗ ನುಣ್ಣನೆಯ ಕಪ್ಪು ಲೇಪ ಸಿಕ್ಕರೆ ಸಹಜ ಸವೆತ. ಚೂರುಗಳು ಬೆರಳಿಗೆ ಚುಚ್ಚಿದರೆ ಬೈಕನ್ನು ಮೆಕ್ಯಾನಿಕ್‌ಗೆ ಒಪ್ಪಿಸಬೇಕು.